ಮೂರೂವರೆ ಕೋರ್ ಕೇಬಲ್ಲಿಗೆ ಕಟ್ಟಿದ ಹಾಲಿನ ಪ್ಯಾಕೆಟ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಕೇಬಲ್ಲಿನ ತುದಿಗೆ ಹಾಲಿನ ಪ್ಯಾಕೆಟ್ ಕಟ್ಟಿದವನು ನಾನೇ. ಒಂದರ ಮೇಲೊಂದು ಎರಡು ಪ್ಯಾಕೆಟ್, ಅದರ ಮೇಲೆ ಮೂರು ರಬ್ಬರ್ ಬ್ಯಾಂಡ್. ಕಟ್ಟಿ ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡಿದ್ದನ್ನೂ ಮುಚ್ಚಿಡುವುದಿಲ್ಲ.

ನಾನು ನಿವೃತ್ತ. ವಯಸ್ಸು ಮೂವತ್ತನಾಲ್ಕು. ಪೀಣ್ಯದಿಂದ ಸರ್ಜಾಪುರದವರೆಗೆ ಹನ್ನೊಂದು ವರ್ಷ ಕಟ್ಟಡ ಸೈಟುಗಳಲ್ಲಿ ಕೇಬಲ್ ಸ್ಟೋರ್ ನೋಡಿಕೊಂಡೆ. ಆನೆಯಷ್ಟು ತೂಗುವ ಡ್ರಮ್ಮುಗಳ ನಡುವೆ ಓಡಾಡಿದಾಗ ಏನೂ ಆಗದ ಬೆನ್ನು, ಮನೆಯಲ್ಲಿ ಒಂದು ಮೂಟೆ ಅಕ್ಕಿ ಎತ್ತುವಾಗ ಕೈಕೊಟ್ಟಿತು. ಇನ್ನು ಭಾರ ಮುಟ್ಟಬಾರದು ಎಂದರು ಡಾಕ್ಟರು. ಈಗ ಚಂದಾಪುರದಲ್ಲಿ ನನ್ನ ಹೆಂಡತಿಯ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದೇನೆ. ನಾನು ಎತ್ತುವ ಅತಿ ಭಾರದ ವಸ್ತು ಎಂದರೆ ಬಿಳಿ ಕಾಗದದ ಒಂದು ಬಂಡಲ್, ಅದನ್ನೂ ಅವಳು ನೋಡುತ್ತಿಲ್ಲದಾಗ.

ಐಟಿಐ ಮುಗಿಸಿದ ಹುಡುಗರು ಅಂಕಪಟ್ಟಿ ಜೆರಾಕ್ಸ್ ಮಾಡಿಸಲು ಬರುತ್ತಾರೆ. ಮೊನ್ನೆ ಒಬ್ಬ ಕೇಳಿದ: "ಅಣ್ಣ, ಸೈಟಲ್ಲಿ ಕೇಬಲ್ ಸ್ಟೋರಿಗೆ ಕರೀತಿದಾರೆ. ಅದ್ರಲ್ಲೇನಿದೆ ಅಲ್ವಾ? ಡ್ರಮ್ ಬಂದ್ರೆ ಇಳಿಸ್ಕೊಳೋದು, ಕೇಳಿದ್ರೆ ಕೊಡೋದು."

ನಾನೂ ಹಾಗೇ ಅಂದುಕೊಂಡಿದ್ದೆ. ಅವನಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಹುಟ್ಟಿನಿಂದ ಒಂದು ಕಾಯಿಲೆಯಿದೆ. ಯಾರ ಮಾತು ಎರಡು ದಿನ ಕಿವಿಗೆ ಬಿದ್ದರೂ ಮೂರನೆಯ ದಿನ ಅವರ ದನಿ ನನ್ನ ಬಾಯಲ್ಲಿ ಬಂದು ಕೂರುತ್ತದೆ. ಗೇಟಿನ ಕಾವಲಿನವರು, ಕ್ರೇನ್ ಓಡಿಸುವವರು, ಎಂಜಿನಿಯರು, ಯಾರನ್ನೂ ಬಿಟ್ಟಿಲ್ಲ. ನನ್ನ ದನಿಯನ್ನು ಅಣಕಿಸಿದರೆ ಮಾತ್ರ ಯಾರೂ ನಗುತ್ತಿರಲಿಲ್ಲ, ಏಕೆಂದರೆ ನನ್ನ ದನಿ ಹೇಗಿದೆ ಎಂದು ಸೈಟಿನಲ್ಲಿ ಯಾರಿಗೂ ಸರಿಯಾಗಿ ಗೊತ್ತೇ ಇರಲಿಲ್ಲ. ಇದರಿಂದ ಮುಂದೆ ನನಗೇ ಏಟು ಬಿತ್ತು. ಅಲ್ಲಿಗೆ ಬರುತ್ತೇನೆ.

ಮೊದಲು ಪೀಣ್ಯ. ಸೇರಿದ ವಾರ ಒಂದು ಫ್ಯಾಕ್ಟರಿಯೊಳಗೆ ಕೇಬಲ್ ಡ್ರಮ್ ಉರುಳಿಸಿಕೊಂಡು ಹೋಗುತ್ತಿದ್ದೆವು. ಮರದ ದೊಡ್ಡ ದಾರದ ರೀಲಿನ ಹಾಗೆ ಇರುತ್ತದೆ ಅದು. ಪಕ್ಕದ ಹಲಗೆಯ ಮೇಲೆ ಬಾಣದ ಗುರುತು. ಬಾಣ ಗೇಟಿನ ಕಡೆ ತಿರುಗಿತ್ತು, ನಾವು ಒಳಗೆ ಹೋಗಬೇಕಿತ್ತು. ಬಾಣ ಲಾರಿ ಡ್ರೈವರಿಗೆ ದಾರಿ ತೋರಿಸಲು ಇರಬೇಕು ಎಂದುಕೊಂಡು ಉಲ್ಟಾ ಉರುಳಿಸಿದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಬಿಗಿಯಾಗಿ ಸುತ್ತಿದ್ದ ಕೇಬಲ್ ಸಡಿಲವಾಗಿ, ಜಡೆ ಬಿಚ್ಚಿಕೊಂಡ ಹಾಗೆ ಜೋತುಬಿತ್ತು. ಫೋರ್‌ಮನ್ ಬೈದರು. ಬೈಗುಳ ಅರ್ಥವಾಯಿತು, ಕಾರಣ ಅರ್ಥವಾಗಲಿಲ್ಲ. ಮನೆಗೆ ಹೋಗಿ ಅಮ್ಮನ ಹೊಲಿಗೆ ಮೆಷಿನ್ನಿನ ದಾರದ ರೀಲನ್ನು ನೆಲದ ಮೇಲೆ ಆ ಕಡೆಗೂ ಈ ಕಡೆಗೂ ಉರುಳಿಸಿ ನೋಡಿದೆ. ಒಂದು ಕಡೆ ಉರುಳಿಸಿದರೆ ದಾರ ಬಿಗಿದುಕೊಳ್ಳುತ್ತದೆ, ಇನ್ನೊಂದು ಕಡೆಗೆ ಬಿಚ್ಚಿಕೊಳ್ಳುತ್ತದೆ. ಬಾಣ ಬಿಗಿಯುವ ದಿಕ್ಕು. ಅಷ್ಟೇ ಸಂಗತಿ. ಆದರೆ ಆ ಸಂಜೆ ದಾರದ ರೀಲಿನ ಮುಂದೆ ಕೂತು ನನಗಾದ ಖುಷಿ ಆಮೇಲೆ ಯಾವ ಸಂಬಳದ ದಿನವೂ ಆಗಲಿಲ್ಲ. ಅಮ್ಮ ಮಾತ್ರ, "ಇಪ್ಪತ್ಮೂರು ವರ್ಷದ ಗಂಡಸು ದಾರದ ಉಂಡೆ ಉರುಳಿಸ್ಕೊಂಡು ಕೂತವ್ನೆ" ಎಂದು ಪಕ್ಕದ ಮನೆಯವರಿಗೆ ಕೂಗಿ ಹೇಳಿದಳು.

ಅಂದಿನಿಂದ ಸ್ಟೋರಿನ ಪ್ರತಿಯೊಂದು ನಿಯಮಕ್ಕೂ ಯಾಕೆ ಎಂದು ಕೇಳುವ ಚಟ ಅಂಟಿಕೊಂಡಿತು. ಡ್ರಮ್ಮನ್ನು ಯಾಕೆ ಮಲಗಿಸಬಾರದು? ಮಲಗಿಸಿದರೆ ಒಂದು ಸುತ್ತು ಇನ್ನೊಂದರ ಕೆಳಗೆ ಜಾರಿ ಸಿಕ್ಕಿಹಾಕಿಕೊಳ್ಳುತ್ತದೆ, ಬಿಚ್ಚುವಾಗ ಎಳೆದಷ್ಟೂ ಗಂಟು. ನಿಲ್ಲಿಸಿದ ಮೇಲೆ ಎರಡೂ ಕಡೆ ಮರದ ಆಪು ಯಾಕೆ? ಇಡದೆ ಒಂದು ಸಲ ನೋಡಿ, ಡ್ರಮ್ ತಾನಾಗಿ ಊರು ಸುತ್ತಲು ಹೊರಡುತ್ತದೆ. ಹಲಗೆ ಬಿಚ್ಚುವಾಗ ಮೊಳೆಗಳನ್ನು ಯಾಕೆ ಎಣಿಸಿ ಡಬ್ಬಕ್ಕೆ ಹಾಕಬೇಕು? ಒಂದು ಮೊಳೆ ಉಳಿದರೂ ಕೇಬಲ್ಲಿನ ಚರ್ಮ ಉದ್ದಕ್ಕೂ ಸೀಳುತ್ತದೆ. ಇವೆಲ್ಲಕ್ಕೂ ಉತ್ತರ ಕೊಟ್ಟವರು ಲಕ್ಷ್ಮಕ್ಕ.

ಲಕ್ಷ್ಮಕ್ಕ ಎಂದರೆ ವೆಂಕಟಲಕ್ಷ್ಮಮ್ಮ, ವೈಟ್‌ಫೀಲ್ಡ್ ದಾಟಿ ಸರ್ಜಾಪುರದ ಕಡೆ ಏಳುತ್ತಿದ್ದ ಒಂದು ಟೆಕ್ ಪಾರ್ಕ್ ಸೈಟಿನ ಸ್ಟೋರ್‌ಕೀಪರ್. ನಾನು ಅವರ ಅಸಿಸ್ಟೆಂಟ್. ಐವತ್ತರ ಹತ್ತಿರದ ಹೆಂಗಸು, ಅದೇ ಊರಿನ ಸೊಸೆ. ಸೈಟಿನ ಕಾಂಪೌಂಡಿನಾಚೆಯೇ ಅವರ ಮನೆ, ಒಳಗೆ ಪಾರ್ಕಿಂಗ್ ಬರುವ ಜಾಗ ಒಂದು ಕಾಲಕ್ಕೆ ಅವರ ಅತ್ತೆ ಮನೆಯ ರಾಗಿ ಹೊಲ. ಎಂಟನೆಯ ಕ್ಲಾಸಿನವರೆಗೆ ಓದಿದವರು ಕಸ ಗುಡಿಸಲು ಸೇರಿ, ಸಾಮಾನು ಎಣಿಸುತ್ತಾ ಎಣಿಸುತ್ತಾ ಸ್ಟೋರನ್ನೇ ಕೈಗೆ ತೆಗೆದುಕೊಂಡಿದ್ದರು. ಎರಡನೆಯ ಕಟ್ಟಡ ಶುರುವಾದರೆ ಅದರ ಸ್ಟೋರೂ ಅವರಿಗೇ ಎಂದು ಮಾತಾಗಿತ್ತು.

ಒಂದು ಮಳೆಗಾಲದ ಆರಂಭದಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಕಟ್ಟಡದ ಮುಖ್ಯ ಪ್ಯಾನಲ್ಲಿಗೆ ಎಳೆಯುವ ಕೇಬಲ್ ಬಂತು. ಮುಂಗೈಯಷ್ಟು ದಪ್ಪ. ಇಳಿಸುವಾಗ ಎಂಜಿನಿಯರ್ ಪ್ರಕಾಶ್ ಸಾರ್ ಹಿಂದಿನ ಮೂಲೆ ತೋರಿಸಿದರು.

"ಅಲ್ ಬ್ಯಾಡ ಸಾರ್, ಅದು ತಗ್ಗು. ನಮ್ ಒಲ ಇದ್ದಾಗ್ಲೂ ಅಲ್ಲಿ ನೀರು ನಿಂತ್ಕೊಳದು" ಎಂದರು ಲಕ್ಷ್ಮಕ್ಕ.

"ಆಕ್ಚುಲಿ ಏನಂದ್ರೆ ಲಕ್ಷ್ಮಮ್ಮ, ಈಗ ಜಲ್ಲಿ ಹಾಕ್ಸಿದೀವಲ್ಲ. ಇಳಿಸಿ."

ಪ್ರಕಾಶ್ ಸಾರ್ ಎಲ್ಲ ಮಾತನ್ನೂ 'ಆಕ್ಚುಲಿ ಏನಂದ್ರೆ' ಎಂದೇ ಶುರು ಮಾಡುತ್ತಿದ್ದರು, ಶುರು ಮಾಡುವಾಗ ಹೆಲ್ಮೆಟ್ ಮುಟ್ಟಿಕೊಳ್ಳುತ್ತಿದ್ದರು. ನಾನೂ ಹಾಗೇ ಮಾಡಿ ಕ್ರೇನಿನವರನ್ನು ನಗಿಸಿದೆ. ಲಕ್ಷ್ಮಕ್ಕ ಕೇಬಲ್ಲಿನ ಎರಡೂ ತುದಿಗೆ ರಬ್ಬರಿನಂಥ ಮುಚ್ಚಳ ಬಿಗಿಯಾಗಿದೆಯೇ ಎಂದು ಕೈಯಿಂದ ಒತ್ತಿ ನೋಡಿ, ರಿಜಿಸ್ಟರಿನಲ್ಲಿ 'ಕ್ಯಾಪ್ ಎರಡೂ ಸರಿ ಇದೆ' ಎಂದು ಬರೆದು ಸಹಿ ಹಾಕಿದರು.

ಚಲನ್ನಿನಲ್ಲಿ 'ಮೂರೂವರೆ ಕೋರ್' ಎಂದಿತ್ತು. ಕೋರ್ ಎಂದರೆ ಒಳಗಿನ ಒಂದೊಂದು ತಂತಿ. ಮೂರು ಸರಿ. ಈ ಅರ್ಧ ತಂತಿ ಹೇಗಿರುತ್ತದೆ? ಉದ್ದದಲ್ಲಿ ಅರ್ಧವೇ? ಅರ್ಧ ದೂರ ಹೋಗಿ ನಿಂತುಬಿಟ್ಟರೆ ಕರೆಂಟು ಮುಂದೆ ಹೇಗೆ ಹೋಗುತ್ತದೆ? ಅಕ್ಕನಿಗೆ ಗೊತ್ತಿದ್ದದ್ದು ಡ್ರಮ್ಮಿನ ಹೊರಗಿನ ಸಂಗತಿ, ಒಳಗಿನದನ್ನು ಪ್ರಕಾಶ್ ಸಾರ್ ಅವರನ್ನೇ ಕೇಳಬೇಕಿತ್ತು. ಆದರೆ ಊರಿಗೆಲ್ಲ ತಮಾಷೆ ಮಾಡುವವನು ಪ್ರಶ್ನೆ ಕೇಳಿ ನಗೆಪಾಟಲಾಗುವುದು ಹೇಗೆ? ಅಕ್ಕ ಊಟಕ್ಕೆ ಮನೆಗೆ ಹೋದಾಗ ಚಾಕು ತೆಗೆದುಕೊಂಡು ಹೊರತುದಿಯ ಮುಚ್ಚಳ ಸೀಳಿದೆ.

ಮೂರು ದಪ್ಪ ತಂತಿ, ಒಂದು ತೆಳು. ಅರ್ಧ ಎಂದರೆ ದಪ್ಪದಲ್ಲಿ ಅರ್ಧ. ಎಷ್ಟು ಚೆನ್ನಾಗಿತ್ತು ಗೊತ್ತೇ, ನಾಲ್ಕು ಹೋಳು ಹಣ್ಣು ಜೋಡಿಸಿಟ್ಟ ಹಾಗೆ. ಎರಡು ನಿಮಿಷ ನೋಡುತ್ತಾ ನಿಂತೆ. ಆಮೇಲೆ ಕೈಯಲ್ಲಿದ್ದ ಹರಿದ ಮುಚ್ಚಳ ನೆನಪಾಯಿತು.

ಹೊಸ ಮುಚ್ಚಳ ಬೇಕೆಂದರೆ ಅಕ್ಕನಿಗೆ ಕಾರಣ ಹೇಳಬೇಕು. ಹರಿದದ್ದನ್ನು ಬ್ಯಾಗಿಗೆ ತುರುಕಿದೆ. ಸ್ಟೋರಿನಲ್ಲಿ ನಮ್ಮಿಬ್ಬರ ಟೀಗೆ ತಂದ ಹಾಲಿನ ಪ್ಯಾಕೆಟ್ಟುಗಳನ್ನು ಅಕ್ಕ ತೊಳೆದು ಒಣಹಾಕುತ್ತಿದ್ದರು. ಎರಡು ತೆಗೆದು, ಒಂದು ಬದಿ ಕತ್ತರಿಸಿ ತುದಿಗೆ ತೊಡಿಸಿದೆ. ಹಾಲು ಹೊರಗೆ ಸೋರದ ಪ್ಯಾಕೆಟ್ಟಿನೊಳಗೆ ನೀರು ಹೇಗೆ ಹೋಗುತ್ತದೆ ಎಂಬುದು ನನ್ನ ವಿಜ್ಞಾನ. ಅಕ್ಕ ಹಲ್ಲಿನಿಂದ ಕಚ್ಚಿ ತೆಗೆದ ಮೂಲೆ ಆ ವಿಜ್ಞಾನದಲ್ಲಿ ಸೇರಿರಲಿಲ್ಲ.

ಮಳೆ ಬಂತು. ಜಲ್ಲಿಯ ಮೇಲೆ ನೀರು ನಿಂತಿತು.

ಒಂದೂವರೆ ತಿಂಗಳ ನಂತರ ಕೇಬಲ್ ಎಳೆಯುವ ದಿನ ಖಾದರ್ ಭಾಯ್ ಬಂದರು. ಕೇಬಲ್ ಜೋಡಿಸುವುದರಲ್ಲಿ ತಲೆ ಬೆಳ್ಳಗಾದವರು, ಮನೆ ಚಿಕ್ಕಬಾಣಾವರ. ಎಳೆಯುವ ಮುಂಚೆ ಒಂದು ಸಲ, ಎಳೆದ ಮೇಲೆ ಒಂದು ಸಲ ಮೆಗ್ಗರ್ ಹಾಕದೆ ಅವರು ಮುಂದೆ ಹೋಗುತ್ತಿರಲಿಲ್ಲ. ತಂತಿಯ ಮೇಲಿನ ಹೊದಿಕೆ ಎಷ್ಟು ಗಟ್ಟಿ ಎಂದು ಹೇಳುವ ಪೆಟ್ಟಿಗೆ ಅದು. ಮುಂಚೆ ಹಿಡಿ ತಿರುಗಿಸಬೇಕಿತ್ತು, ಈಗ ಬಟನ್ ಒತ್ತಿದರೆ ಸಾಕು. ಒತ್ತಿದರು. ಮುಖ ಸಪ್ಪಗಾಯಿತು.

"ಪಾನಿ ಕುಡ್ದಿದೆ ಸಾಬ್ ಇದು" ಎಂದರು.

ನಾನು ಕೈ ಚಾಚಿದ್ದಕ್ಕೆ ತಡೆದು, ತಂತಿಗಳನ್ನು ಅರ್ಥಿಂಗ್ ತಂತಿಗೆ ತಾಗಿಸಿ ಒಳಗೆ ಉಳಿದ ಕರೆಂಟು ಇಳಿಸಿದರು. "ಟೆಸ್ಟ್ ಮಾಡಿದ್ ಕೇಬಲ್ ಮುಟ್ಬಾರ್ದು ಮಂಜಾ. ಕೋಪ ಇಳಿಯೋತನಕ ಬಿಡ್ಬೇಕು." ಆಮೇಲೆ ಪ್ಯಾಕೆಟ್ ಬಿಚ್ಚಿದರು. ಅದರೊಳಗಿಂದ ಒಂದು ಲೋಟದಷ್ಟು ನೀರು ಅವರ ಚಪ್ಪಲಿಯ ಮೇಲೆ ಬಿತ್ತು.

"ಯಾರು ಮಾಡಿದ್ದು ಇದು?" ಎಂದರು ಪ್ರಕಾಶ್ ಸಾರ್.

ಲಕ್ಷ್ಮಕ್ಕ ಪ್ಯಾಕೆಟ್ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಆಕಾಶ ನೋಡಿದರು. ನಾನು ಬಗ್ಗಿ ಖಾದರ್ ಭಾಯ್ ಚಪ್ಪಲಿಯ ನೀರು ಒರೆಸತೊಡಗಿದೆ.

"ರಿಜಿಸ್ಟರಲ್ಲಿ ಕ್ಯಾಪ್ ಸರಿ ಇದೆ ಅಂತ ನಿಮ್ಮ ಸೈನ್ ಇದೆ, ಲಕ್ಷ್ಮಮ್ಮ."

"ಔದು ಸಾರ್. ಸ್ಟೋರ್ ನಂದು."

"ಆಕ್ಚುಲಿ ಏನಂದ್ರೆ, ಈ ಕೇಬಲ್ ಹಾಳಾದ್ರೆ ನಾನು ಹೆಡ್ ಆಫೀಸಿಗೆ ಬರೀಲೇಬೇಕು. ಆಮೇಲೆ ನಿಮ್ಮನ್ನ ಇಲ್ಲಿ ಇಟ್ಕೊಳೋದು ನನ್ನ ಕೈಲಿಲ್ಲ."

ಹಾಳಾಗಿದೆಯೋ ಇಲ್ಲವೋ ಎಂಬುದು ಒಂದು ಲೆಕ್ಕದ ಮೇಲೆ ನಿಂತಿತ್ತು. ಡ್ರಮ್ಮಿನಲ್ಲಿದ್ದದ್ದು ನೂರೆಂಬತ್ತಾರು ಮೀಟರ್. ಟ್ರಾನ್ಸ್‌ಫಾರ್ಮರಿನಿಂದ ಪ್ಯಾನಲ್ಲಿಗೆ ಬೇಕಾದದ್ದು ನೂರೆಂಬತ್ತು. ನಡುವೆ ಎಲ್ಲೂ ಜೋಡಣೆ ಮಾಡಬಾರದು ಎಂದು ಕರಾರು. ನೀರು ತುದಿಯಿಂದ ಆರು ಮೀಟರಿನ ಒಳಗೇ ನಿಂತಿದ್ದರೆ ಅಷ್ಟನ್ನು ಕತ್ತರಿಸಿ ಬಿಸಾಡಿ ಕೇಬಲ್ ಉಳಿಸಬಹುದು, ಅಕ್ಕನೂ ಉಳಿಯುತ್ತಾರೆ. ಏಳನೆಯದಕ್ಕೆ ಹೋಗಿದ್ದರೆ ಕೇಬಲ್ಲೂ ಅಕ್ಕನೂ ಗೇಟಿನಾಚೆ.

ನಾಚಿಕೆಯಾಗಬೇಕಾದ ಹೊತ್ತಿನಲ್ಲೂ ನನಗೆ ಕುತೂಹಲ. ಭಯವೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೂ ಆ ರಾತ್ರಿ ಊಟದ ತಟ್ಟೆಯ ಮುಂದೆ ಯೋಚಿಸಿದ್ದು ಒಂದೇ: ಮಲಗಿರುವ ಕೇಬಲ್ಲಿನೊಳಗೆ ನೀರು ನಡೆಯುವುದು ಹೇಗೆ? ಯಾರು ತಳ್ಳುತ್ತಾರೆ ಅದನ್ನು? ಬೆಳಿಗ್ಗೆ ಖಾದರ್ ಭಾಯ್ ಅವರನ್ನು ಕೇಳಿದೆ.

"ದೀಪದ ಬತ್ತಿ ಎಣ್ಣೆ ಎಳೀತದಲ್ಲ, ಅಂಗೆ. ಎಳೆ ಎಳೆ ನಡುವೆ ಸಣ್ಣ ಜಾಗ ಇರ್ತದೆ. ಅದೇ ರಸ್ತೆ."

"ಎಷ್ಟು ದೂರ ಹೋಗಿರತ್ತೆ ಭಾಯ್?"

"ಅದನ್ನ ನೀರೇ ಹೇಳ್ಬೇಕು. ಒಂದು ಸೌಟು ತಾ, ಎಣ್ಣೆ ತಾ."

ನಾನು ತಮಾಷೆ ಎಂದುಕೊಂಡೆ. ಗೇಟಿನ ಬಳಿ ಬಜ್ಜಿ ಮಾಡುವ ಅಮ್ಮನ ಹತ್ತಿರ ಹೋದರೆ, "ನನ್ ಸೌಟಲ್ಲಿ ತಂತಿ ಹುರೀತೀರಾ? ಹೋಗಯ್ಯ" ಎಂದರು. ಕೊನೆಗೆ ಲಕ್ಷ್ಮಕ್ಕನೇ ಮನೆಯಿಂದ ಹಳೇ ಸೌಟು ತಂದರು. ಭಾಯ್ ಬೆಂಕಿ ಉಗುಳುವ ಬ್ಲೋ ಲ್ಯಾಂಪಿನ ಮೇಲೆ ಸೌಟಿನ ಎಣ್ಣೆ ಕಾಯಿಸಿದರು, ಹೊಗೆಯಾಡದಷ್ಟು, ಸಾಸಿವೆ ಸಿಡಿಯುವಷ್ಟು. ಕತ್ತರಿಸಿದ ತುದಿಯಿಂದ ಒಂದೇ ಒಂದು ಅಲ್ಯೂಮಿನಿಯಂ ಎಳೆಯನ್ನು ಒಣ ಕಟಿಂಗ್ ಪ್ಲೇಯರಿನಲ್ಲಿ ಬಿಡಿಸಿ ಎಣ್ಣೆಗೆ ಇಳಿಸಿದರು. ಒಳಗೆ ತೇವವಿದ್ದರೆ ಚಟಪಟ ಎನ್ನುತ್ತದೆ. ಒಣಗಿದ್ದರೆ ಸುಮ್ಮನಿರುತ್ತದೆ. ಒಗ್ಗರಣೆ ಹಾಕುವ ಪ್ರತಿ ಮನೆಯಲ್ಲೂ ಗೊತ್ತಿರುವ ವಿಷಯ, ನನ್ನ ಐಟಿಐನಲ್ಲಿ ಯಾರೂ ಹೇಳಿರಲಿಲ್ಲ.

ಗರಗಸ ಹಿಡಿದವನು ನಾನು. ಯಾರೂ ಹೇಳಲಿಲ್ಲ, ನಾನೇ ತೆಗೆದುಕೊಂಡೆ. ಉಕ್ಕಿನ ತಂತಿಯ ಕವಚ ಇರುವ ಕೇಬಲ್ ಕುಯ್ಯುವುದು ಎಮ್ಮೆಯ ಕೊಂಬು ಕುಯ್ದ ಹಾಗೆ. ಒಂದು ಮೀಟರ್ ಕುಯ್ದೆ. ಎಣ್ಣೆ ಪಟಾಕಿಯ ಹಾಗೆ ಸಿಡಿಯಿತು. ಎರಡು: ಸಾಸಿವೆ. ಮೂರು: ಸಾಸಿವೆಯೇ, ಸ್ವಲ್ಪ ಕಡಿಮೆ. ನಾಲ್ಕಕ್ಕೆ ಬರೀ ಸುರ್ ಎಂದಿತು, ಚಪ್ಪಲಿ ಎಳೆದುಕೊಂಡು ಯಾರೋ ದೂರ ಹೋದ ಹಾಗೆ. ಇವೆಲ್ಲ ದನಿ ಈಗಲೂ ತೆಗೆದು ತೋರಿಸಬಲ್ಲೆ. ಖಾದರ್ ಭಾಯ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರು ಕಿವಿ ಇಟ್ಟು ಕೆಲಸ ಮಾಡುವುದನ್ನು ನೋಡಿ, ನನ್ನ ಕಿವಿಯೂ ಒಂದು ಕೆಲಸಕ್ಕೆ ಬರಬಹುದು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಐದನೆಯದು ಕುಯ್ದು, ಇನ್ನು ಗೆದ್ದೆವು ಎಂಬ ಆತುರದಲ್ಲಿ ಎಳೆಯನ್ನು ನಾನೇ ಬಿಡಿಸಿ ಕೊಟ್ಟೆ. ಭಾಯ್ ಎಣ್ಣೆಗಿಟ್ಟರು. ಟಪ್, ಟಪ್ ಎಂದು ಸಿಡಿಯಿತು.

ಲಕ್ಷ್ಮಕ್ಕ ಮೆಲ್ಲನೆ ಜಲ್ಲಿಯ ಮೇಲೆ ಕೂತರು.

"ಇನ್ನೊಂದು ಕಟ್ ಮಾಡು" ಎಂದರು ಪ್ರಕಾಶ್ ಸಾರ್. ಅಂದು ಅವರಿಗೆ 'ಆಕ್ಚುಲಿ' ಕೂಡ ಮರೆತುಹೋಗಿತ್ತು. ನಾನು ಕುಯ್ದೆ. ಆರನೆಯ ತುಂಡು ಕೆಳಗೆ ಬಿತ್ತು. ಬಿದ್ದ ಮೇಲೆ ನನ್ನ ತಲೆಯಲ್ಲಿ ಆ ಟಪ್ ಮತ್ತೆ ಕೇಳಿಸಿತು. ಸುರ್ ಎಂದು ಇಳಿಯುತ್ತಾ ಬಂದ ದನಿ ಇದ್ದಕ್ಕಿದ್ದಂತೆ ಟಪ್ ಎಂದು ಯಾಕೆ ಏರಿತು? ಅದು ಒಳಗಿನಿಂದ ಬಂದ ದನಿಯಾಗಿರಲಿಲ್ಲ, ಮೇಲಿನಿಂದ ಸಿಡಿದಿತ್ತು.

"ಭಾಯ್, ಐದನೇದು ಬೇರೆ ಥರ ಕೇಳಿಸ್ತು" ಎಂದೆ.

ಅವರು ಕಣ್ಣು ತೆರೆದು ನನ್ನ ಕೈ ನೋಡಿದರು. ಅಂಗೈ ಬೆವರಿನಿಂದ ಹೊಳೆಯುತ್ತಿತ್ತು. "ಆ ಎಳೆನ ಕೈಯಲ್ಲಿ ನೆಟ್ಟಗೆ ಮಾಡಿದ್ಯಾ?"

"ಹೂಂ ಭಾಯ್."

"ನಿನ್ನ ಬೆವರಿಗೆ ಸಿಡೀತು ಅದು. ಕೇಬಲ್‌ದು ನೀರಲ್ಲ, ನಿಂದು ನೀರು."

ಐದನೆಯ ತುಂಡಿನಿಂದ ಇನ್ನೊಂದು ಎಳೆಯನ್ನು ಪ್ಲೇಯರಿನಲ್ಲೇ ಹಿಡಿದು ಅದ್ದಿದರು. ಎಣ್ಣೆ ಅಲುಗಾಡಲಿಲ್ಲ. ಆರನೆಯದನ್ನು ಅದ್ದಿದರು, ಅದೂ ಸುಮ್ಮನಿತ್ತು. ಡ್ರಮ್ಮಿನಲ್ಲಿ ಉಳಿದ ತುದಿಗೆ ಮೆಗ್ಗರ್ ಹಾಕಿದರೆ ಭಾಯ್ ಮುಖ ಅರಳಿತು. ನೀರು ನಾಲ್ಕೂವರೆ ಮೀಟರ್ ಆಸುಪಾಸಿನಲ್ಲೇ ನಿಂತಿತ್ತು. ಒಂದು ಮೀಟರ್ ಒಳ್ಳೆಯ ಕೇಬಲ್ಲನ್ನು ನನ್ನ ಬೆವರು ತಿಂದಿತ್ತು. ಮುಚ್ಚಳ ಕಿತ್ತ ಕೈಯೇ ಅದನ್ನೂ ಮಾಡಿತು ನೋಡಿ. ಈಗ ಉಳಿದದ್ದು ಸರಿಯಾಗಿ ನೂರೆಂಬತ್ತು, ಒಂದು ಗೇಣೂ ಹೆಚ್ಚಿಲ್ಲ.

ಹೊಸ ತುದಿಗೆ ಆ ಕ್ಷಣವೇ ಮುಚ್ಚಳ ತೊಡಿಸಿ ಶಾಖ ಕೊಟ್ಟು ಬಿಗಿ ಮಾಡಿದರು ಲಕ್ಷ್ಮಕ್ಕ. ನನ್ನ ಕೈಗೆ ಕೊಡಲಿಲ್ಲ.

ಮರುದಿನ ಎಳೆದೆವು. ಡ್ರಮ್ಮನ್ನು ಜಾಕಿನ ಮೇಲೆ ಎತ್ತಿ, ಮೇಲಿನಿಂದ ಕೇಬಲ್ ಬಿಚ್ಚಿಕೊಳ್ಳುವ ಹಾಗೆ ಇಟ್ಟು, ಕೇಬಲ್ಲಿಗೆ ತೋಡಿದ ಕಾಲುವೆಯುದ್ದಕ್ಕೂ ರೋಲರ್ ಜೋಡಿಸಿ. ಮೂಲೆಯ ತಿರುವಿನಲ್ಲಿ ಪ್ರಕಾಶ್ ಸಾರ್, "ಇಲ್ಲಿ ಸ್ವಲ್ಪ ಟೈಟಾಗಿ ಬಗ್ಗಿಸಿದ್ರೆ ಅರ್ಧ ಮೀಟರ್ ಉಳಿಯತ್ತಲ್ಲ ಭಾಯ್" ಎಂದರು.

"ಉಳಿಯತ್ತೆ ಸಾಬ್. ಒಳಗೆ ಮುರಿಯತ್ತೆ. ಎರಡು ವರ್ಷ ಆದ್ಮೇಲೆ ಸುಟ್ಟಾಗ ನೀವು ಬೇರೆ ಸೈಟಲ್ಲಿ ಇರ್ತೀರಿ." ಆ ತಿರುವನ್ನು ಅಗಲವಾಗಿಯೇ ತೆಗೆದುಕೊಂಡರು. ಕೇಬಲ್ಲಿನ ತಲೆ ಪ್ಯಾನಲ್ ರೂಮಿನೊಳಗೆ ಬಂದು, ತಂತಿ ಕಟ್ಟುವ ಜಾಗ ಮುಟ್ಟಿ, ನಾಲ್ಕು ಬೆರಳು ಮುಂದೆ ಹೋಗಿ ನಿಂತಿತು. ಎರಡನೆಯ ಮೆಗ್ಗರೂ ಪಾಸಾಯಿತು. ನಾನು ಆ ದಿನ ಯಾರ ದನಿಯನ್ನೂ ತೆಗೆಯಲಿಲ್ಲ. ಜ್ವರ ಬಂದಿದೆಯೇ ಎಂದು ಕ್ರೇನಿನವರು ವಿಚಾರಿಸಿದರು.

ಕೇಬಲ್ ಉಳಿಯಿತು, ಅಕ್ಕನೂ ಉಳಿದರು ಎಂದುಕೊಂಡೆ. ಸಂಜೆ ಸೈಟ್ ಆಫೀಸಿಗೆ ಸ್ಟೋರ್ ಬೀಗದ ಕೈ ಕೊಡಲು ಹೋದರೆ ಪ್ರಕಾಶ್ ಸಾರ್ ಕಾಗದ ಬರೆಯುತ್ತಿದ್ದರು. ಲಕ್ಷ್ಮಕ್ಕ ಎದುರು ನಿಂತಿದ್ದರು. 'ಸ್ಟೋರ್‌ಕೀಪರ್ ನಿರ್ಲಕ್ಷ್ಯದಿಂದ' ಎಂಬ ಸಾಲು ಬಾಗಿಲಿನಿಂದಲೇ ಕಂಡಿತು. ಕತ್ತರಿಸಿದ ಆರು ಮೀಟರಿಗೆ ಯಾರಾದರೂ ಕಾರಣವಾಗಲೇಬೇಕಂತೆ. ಆ ಕಾಗದ ಹೆಡ್ ಆಫೀಸಿಗೆ ಹೋದರೆ ಅಕ್ಕನಿಗೆ ಎರಡನೆಯ ಕಟ್ಟಡದ ಸ್ಟೋರು ಹೋಯಿತು, ಇದೂ ಹೋಯಿತು.

"ಸಾರ್, ಕ್ಯಾಪ್ ಕಿತ್ತಿದ್ದು ನಾನು. ಹಾಲಿನ ಪ್ಯಾಕೆಟ್ ಕಟ್ಟಿದ್ದೂ ನಾನೇ" ಎಂದೆ.

ಪ್ರಕಾಶ್ ಸಾರ್ ತಲೆ ಎತ್ತಿ ನನ್ನನ್ನೇ ನೋಡಿದರು. ಮುಖದಲ್ಲಿ ನಿಧಾನವಾಗಿ ನಗು ಬಂತು. "ಇದ್ಯಾರ್ ವಾಯ್ಸ್ ಮಂಜು? ಆ ಟೈಲ್ಸ್ ಮೇಸ್ತ್ರಿದಾ? ಅಳೋ ಥರ ಚೆನ್ನಾಗ್ ತೆಗೀತೀಯ."

"ನಂದೇ ಸಾರ್. ನನ್ನ ವಾಯ್ಸ್."

"ಸಕ್ಕತ್ತಾಗಿದೆ. ಆದ್ರೆ ಈಗ ಬೇಡ, ಕೆಲ್ಸ ಇದೆ."

ಹನ್ನೊಂದು ವರ್ಷದಲ್ಲಿ ನನಗೆ ಬಿದ್ದ ದೊಡ್ಡ ಏಟು ಅದು. ಎಲ್ಲರ ದನಿಯಲ್ಲಿ ಸುಳ್ಳು ಹೇಳಿ ನಂಬಿಸಬಲ್ಲವನು ತನ್ನ ದನಿಯಲ್ಲಿ ಒಂದು ನಿಜ ಹೇಳಿ ನಂಬಿಸಲಾರದೆ ನಿಂತಿದ್ದೆ. ಬ್ಯಾಗಿಗೆ ಕೈ ಹಾಕಿ ಸೀಳಿದ ಮುಚ್ಚಳ ತೆಗೆದು ಅವರ ಕಾಗದದ ಮೇಲಿಟ್ಟೆ. ಚಾಕುವಿನ ಗೆರೆ ನೇರವಾಗಿ ಕಾಣುತ್ತಿತ್ತು. "ಅರ್ಧ ಕೋರ್ ಹೆಂಗಿರತ್ತೆ ನೋಡ್ಬೇಕಿತ್ತು ಸಾರ್" ಎಂದೆ.

ಅವರ ನಗು ಹೋಯಿತು. ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು. "ಇದು ನಿಮಗೆ ಗೊತ್ತಿತ್ತಾ ಲಕ್ಷ್ಮಮ್ಮ?"

"ಪ್ಯಾಕೆಟ್ ನೋಡಿದ್ ದಿನಾನೇ ಗೊತ್ತಾಯ್ತು ಸಾರ್. ಸ್ಟೋರಲ್ಲಿ ಟೀ ಕಾಯ್ಸೋರು ನಾವಿಬ್ರೇ. ನಾನಂತೂ ಕಟ್ಟಿಲ್ಲ."

"ಗೊತ್ತಿದ್ದೂ ಮೂರು ದಿನ ಯಾಕ್ರೀ ಬಾಯಿ ಬಿಡ್ಲಿಲ್ಲ? ನಿಮ್ಮ ಕೆಲ್ಸ ಹೋಗೋದ್ರಲ್ಲಿತ್ತು."

ಆ ಕಾಗದ ಹೆಡ್ ಆಫೀಸಿಗೆ ಹೋಗಲಿಲ್ಲ. ಎರಡನೆಯ ಕಟ್ಟಡದಲ್ಲೂ ನಾನು ಲಕ್ಷ್ಮಕ್ಕನ ಕೈಕೆಳಗೇ ಇದ್ದೆ. ಪ್ರಕಾಶ್ ಸಾರ್ ಪೆನ್ನಿನ ಕ್ಯಾಪ್ ಹಾಕಿ ಜೇಬಿಗೆ ಸಿಕ್ಕಿಸಿಕೊಳ್ಳುವ ಹಾಗೆ ಮಾಡಿದ್ದು ಅಕ್ಕ ಅವರಿಗೆ ಕೊಟ್ಟ ಉತ್ತರ. ಅದನ್ನು ಒಂದಕ್ಷರ ಬದಲಿಸದೆ ಬರೆಯುತ್ತೇನೆ:

"ನಿಜ ಏಳಿದ್ರೆ ಇವನ್ನ ಅವತ್ತೇ ಮನೆಗ್ ಕಳಿಸ್ತಿದ್ರಿ ಸಾರ್. ಆಮೇಲೆ ಆ ಕೇಬಲ್ ಕುಯ್ಯಕ್ಕೆ ನೀವ್ ಬತ್ತಿದ್ರಾ?"